18 ತಿಂಗಳ ಕ್ಲಿಪ್ 29 ತಿಂಗಳಾಯಿತು: ಪಾವಗಡದ ಹಲ್ಲಿನ ಒಂದು ಪ್ರಕರಣ

ಕ್ಲಿಪ್ ಹಾಕಿಸಿಕೊಂಡಾಗ ನನಗೆ 38 ವರ್ಷ. ಅದು 2022ರ ಜೂನ್. ತೆಗೆಸಿದ್ದು 2024ರ ನವೆಂಬರ್‌ನಲ್ಲಿ. ಮೊದಲ ದಿನ ಡಾಕ್ಟ್ರು ಹೇಳಿದ್ದು 18 ತಿಂಗಳು, ಹಿಡಿದದ್ದು 29. ಮಧ್ಯದ ಈ 11 ತಿಂಗಳು ಎಲ್ಲಿ ಹೋದವು ಅಂತ ಸುಮಾರು ಜನ ಕೇಳಿದ್ದಾರೆ, ಅದರಲ್ಲೂ ನನ್ನ ವಯಸ್ಸಿನವರು, ಹಾಕಿಸಿಕೊಳ್ಳಲೋ ಬೇಡವೋ ಅಂತ ವರ್ಷಗಟ್ಟಲೆ ಯೋಚನೆ ಮಾಡುತ್ತಾ ಕೂತವರು. ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಪ್ರತಿ ಸಲ ಆಸ್ಪತ್ರೆಯಿಂದ ವಾಪಸ್ ಬರುವಾಗ ರೈಲಿನಲ್ಲೇ ಅದರಲ್ಲಿ ನಾಲ್ಕು ಸಾಲು ಬರೆಯುತ್ತಿದ್ದೆ: ತಾರೀಖು, ಯಾವ ವೈರ್ ಹಾಕಿದರು, ಯಾವ ಬ್ರಾಕೆಟ್ (ವೈರ್ ಹಿಡಿಯಲು ಒಂದೊಂದು ಹಲ್ಲಿಗೂ ಅಂಟಿಸುವ ಸಣ್ಣ ಚೂರು) ಬಿದ್ದಿತ್ತು, ಎಷ್ಟು ದಿನ ನೋವಿತ್ತು. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಾನು ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್, ಕನ್ನಡ ಪಾಠ. ಹುಟ್ಟಿ ಬೆಳೆದದ್ದು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಚಿಕಿತ್ಸೆ ಮಾಡಿಸಿದ್ದು ಬೆಂಗಳೂರಿನ ಒಂದು ಡೆಂಟಲ್ ಕಾಲೇಜಿನಲ್ಲಿ. ಖಾಸಗಿ ಕ್ಲಿನಿಕ್‌ನವರು ಹೇಳಿದ ರೇಟು ನನ್ನ ಕೈಗೆ ಎಟುಕಲಿಲ್ಲ, ಕಾಲೇಜಿನಲ್ಲಿ ಅದರ ಅರ್ಧಕ್ಕಿಂತ ಕಮ್ಮಿ ಆಯಿತು. ಅಲ್ಲಿ ಪಿಜಿ ಓದುವ ಡಾಕ್ಟ್ರು ಕೆಲಸ ಮಾಡುತ್ತಾರೆ, ಪ್ರೊಫೆಸರ್ ಬಂದು ನೋಡುತ್ತಾರೆ. ಶನಿವಾರ ನಮ್ಮದು ಬೆಳಗಿನ ಶಾಲೆ. ಮುಗಿದ ತಕ್ಷಣ ರೈಲು ಹತ್ತಿದರೆ ಯಶವಂತಪುರದಲ್ಲಿ ಇಳಿದು ಡಿಪಾರ್ಟ್‌ಮೆಂಟ್ ಮುಚ್ಚುವುದರೊಳಗೆ ಸೇರಿಕೊಳ್ಳಬಹುದು. ಒಟ್ಟು 37 ಸಲ ಹೀಗೆ ಹೋಗಿ ಬಂದೆ.

ಶುರುವಾದದ್ದು ಒಸಡಿನಿಂದ

ಅಂದಕ್ಕೆ ಅಂತ ನಾನು ಹೋಗಲಿಲ್ಲ. 35 ದಾಟಿದ ಮೇಲೆ ಮೇಲಿನ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಕಾಣಿಸಿತು. ಮದುವೆ ಫೋಟೋದಲ್ಲಿ ಆ ಸಂದು ಇಲ್ಲ. ಒಂದು ಹಲ್ಲು ವರ್ಷ ವರ್ಷ ಸ್ವಲ್ಪ ಮುಂದಕ್ಕೆ ಬಂದು ಕೆಳಕ್ಕೆ ಇಳಿದ ಹಾಗೆ ಆಗುತ್ತಿತ್ತು. ಉಜ್ಜಿದರೆ ರಕ್ತ. ಕೆಳಗಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು, ಬಾಯಿ ಮುಚ್ಚಿದರೆ ಮೇಲಿನ ಹಲ್ಲಿನ ಹಿಂದಿನ ಒಸಡಿಗೆ ಚುಚ್ಚುತ್ತಿದ್ದವು. ಊಟ ಆದ ಮೇಲೆ ಸಂದಿಯಲ್ಲಿ ಸಿಕ್ಕಿದ್ದನ್ನು ತೆಗೆಯುವುದೇ ಒಂದು ಕೆಲಸ.

ಕ್ಲಿಪ್ ವಿಭಾಗಕ್ಕೆ ಅಂತ ಹೋದವಳನ್ನು ಅವರು ಮೊದಲು ಒಸಡಿನ ವಿಭಾಗಕ್ಕೆ ಕಳಿಸಿದರು. ಅಲ್ಲಿ ಗೆರೆ ಹಾಕಿದ ಒಂದು ಸಣ್ಣ ಕಡ್ಡಿಯಿಂದ ಹಲ್ಲಿಗೂ ಒಸಡಿಗೂ ನಡುವಿನ ಆಳ ಅಳೆಯುತ್ತಾರೆ. ಚೆನ್ನಾಗಿರುವ ಒಸಡಿನಲ್ಲಿ 1ರಿಂದ 3 ಮಿಲಿಮೀಟರ್ ಇರಬೇಕು. ನನ್ನ ಆ ಮುಂದಿನ ಹಲ್ಲಿನ ಹತ್ತಿರ 5 ಇತ್ತು. ಒಸಡಿನ ಕಾಯಿಲೆಯಿಂದ ಹಲ್ಲು ಹಿಡಿದಿಡುವ ಮೂಳೆ ಸವೆದಿದೆ, ಹಿಡಿತ ಸಡಿಲವಾದ ಹಲ್ಲನ್ನು ಕೆಳಗಿನ ಹಲ್ಲುಗಳು ದಿನಾ ಮುಂದಕ್ಕೆ ತಳ್ಳುತ್ತಿವೆ ಅಂತ ಹೇಳಿದರು. ಒಸಡಿನಲ್ಲಿ ಸೋಂಕು ಇಟ್ಟುಕೊಂಡು ಹಲ್ಲು ಎಳೆದರೆ ಮೂಳೆ ಇನ್ನೂ ಬೇಗ ಹೋಗುತ್ತದಂತೆ. ಹಾಗಾಗಿ ಮೊದಲು ಬೇರಿನ ತನಕ ಕ್ಲೀನಿಂಗ್, ಆಮೇಲೆ ಮೂರು ತಿಂಗಳು ಕಾದು ಮತ್ತೆ ಅಳತೆ. ಸಕ್ಕರೆ ಕಾಯಿಲೆ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿದರು. ಮೂಳೆ ಸವೆತಕ್ಕೆ ಮಾತ್ರೆ ತಗೊಳ್ತೀರಾ ಅಂತಲೂ ಕೇಳಿದರು, ಏಕೆಂದರೆ ಅಂಥ ಕೆಲವು ಮಾತ್ರೆಗಳಿಂದ ಹಲ್ಲು ಸರಿಯುವುದಕ್ಕೆ ಅಡ್ಡಿಯಾಗುತ್ತದೆ. ಮೊದಲ ದಿನವೇ ಎಕ್ಸ್‌ರೇ ತೆಗೆದು ಮುಂದಿನ ವಾರ ಕ್ಲಿಪ್ ಅಂಟಿಸಿಬಿಡುವ ಕಡೆ ದೊಡ್ಡವರು ಹೋಗಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಒಸಡು ಅಳೆಯದೆ ಕ್ಲಿಪ್ ಬೇಡ.

ಆ ಮೂರು ತಿಂಗಳಲ್ಲಿ ಊರಿಗೆ ಹೋದಾಗ ಅಮ್ಮನಿಗೆ ವಿಷಯ ಹೇಳಿದೆ. "ಈ ವಯಸ್ಸಲ್ಲಿ ಯಾಕಮ್ಮ ಇದೆಲ್ಲ? ಇಸ್ಕೂಲ್ ಮಕ್ಕಳು ನಗಲ್ವಾ?" ಅಂದಳು. ಹಲ್ಲು ಉದುರಬಾರದು ಅಂತ ಹಾಕಿಸ್ಕೊಳ್ತಿರೋದು ಕಣಮ್ಮ ಅಂದೆ. ಅಮ್ಮನಿಗೆ 50 ತುಂಬುವುದರೊಳಗೆ ಮುಂದಿನ ನಾಲ್ಕು ಹಲ್ಲು ಹೋಗಿದ್ದವು. ಆಮೇಲೆ ಅವಳು ಏನೂ ಹೇಳಲಿಲ್ಲ.

ಹಲ್ಲು ಸರಿಯುವುದು ಎಷ್ಟು ವಯಸ್ಸಾದರೂ ನಿಲ್ಲುವುದಿಲ್ಲ, ಇದು ನನಗೂ ಆಗಲೇ ಗೊತ್ತಾದದ್ದು. ವೈರ್ ಒತ್ತಿದ ಕಡೆ ಮೂಳೆ ಕರಗುತ್ತದೆ, ಹಲ್ಲು ಬಿಟ್ಟುಬಂದ ಕಡೆ ಹೊಸ ಮೂಳೆ ತುಂಬುತ್ತದೆ. ತಿಂಗಳಿಗೆ 1 ಮಿಲಿಮೀಟರ್ ಆಸುಪಾಸು. ನನ್ನ ಮೇಲಿನ ಹಲ್ಲು ಕೆಳಗಿನದಕ್ಕಿಂತ 6 ಮಿಲಿಮೀಟರ್ ಮುಂದಿತ್ತು. ಮೂಳೆ ಕಮ್ಮಿ ಇರುವುದರಿಂದ ಮೆಲ್ಲಗೆ ಎಳೆಯಬೇಕು. ಯಾವ ಹಲ್ಲನ್ನೂ ಕೀಳುವುದು ಬೇಡ, ಕೆಳಗಿನ ಹಲ್ಲುಗಳ ಪಕ್ಕವನ್ನು ಕೂದಲೆಳೆಯಷ್ಟು ಉಜ್ಜಿ ಜಾಗ ಮಾಡೋಣ ಅಂತ ತೀರ್ಮಾನವಾಯಿತು. ಎರಡು ಹಲ್ಲಿನ ನಡುವೆ ಅರ್ಧ ಮಿಲಿಮೀಟರ್ ಮೀರಿ ಉಜ್ಜುವುದಿಲ್ಲ. ಕೆಳಗಿನ ಹಲ್ಲು ಮೇಲಿನ ಬ್ರಾಕೆಟ್‌ಗಳಿಗೆ ತಾಗದಿರಲಿ ಅಂತ ಮೇಲಿನ ಮುಂದಿನ ಎರಡು ಹಲ್ಲಿನ ಹಿಂದೆ ಸಿಮೆಂಟಿನ ಪುಟ್ಟ ಗುಡ್ಡೆ ಕಟ್ಟಿದರು. ಬ್ರಾಕೆಟ್‌ಗಿಂತ ಈ ಗುಡ್ಡೆಯೇ ಮಾತಿಗೆ ಜಾಸ್ತಿ ತೊಂದರೆ ಕೊಟ್ಟಿತು. ತ, ದ, ಸ ಹೇಳುವಾಗ ನಾಲಿಗೆ ಹೋಗುವ ಜಾಗವೇ ಅದು. ಹತ್ತು ದಿನ ದಿನಾ ರಾತ್ರಿ ಅಡುಗೆಮನೆಯಲ್ಲಿ ನಿಂತು ಜೋರಾಗಿ ಪದ್ಯ ಓದಿದೆ. ಹನ್ನೊಂದನೇ ದಿನ ಮಕ್ಕಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ನಿಮ್ಮೂರು ಯಾವ್ದು?

ಮೊದಲ ಬ್ರಾಕೆಟ್ ಬಿದ್ದದ್ದು ಒಂಬತ್ತನೇ ದಿನ. ಒಂಬತ್ತನೇ ತರಗತಿಯಲ್ಲಿ ನಿಂತು ಪದ್ಯ ಓದುತ್ತಿದ್ದೆ. ಎಡಗಡೆ ಕೆಳಗೆ ಏನೋ 'ಟಿಕ್' ಅಂದಿತು. ಏನನ್ನೂ ಕಚ್ಚಿರಲಿಲ್ಲ. ನಾಲಿಗೆ ತುದಿ ಇಟ್ಟು ನೋಡಿದರೆ ಹಲ್ಲಿಗೆ ಅಂಟಿರಬೇಕಾದ ಚೂರು ವೈರ್ ಮೇಲೆ ಅತ್ತಿತ್ತ ಜಾರುತ್ತಿದೆ. ನಾಲಿಗೆಯಲ್ಲೇ ಒತ್ತಿಹಿಡಿದು ಪದ್ಯ ಮುಗಿಸಿದೆ. ಸ್ಟಾಫ್ ರೂಮಿನಲ್ಲಿ ಮೊಬೈಲ್ ಕ್ಯಾಮೆರಾ ಹಿಡಿದು ನೋಡಿದಾಗ ದಾರದಲ್ಲಿ ಪೋಣಿಸಿದ ಒಂಟಿ ಮಣಿಯ ಹಾಗೆ ಅದು ವೈರ್ ಸುತ್ತ ತಿರುಗುತ್ತಿತ್ತು. ಅದರ ಬೆನ್ನಿಗೆ ಗಮ್ ಪೂರ್ತಿ ಹಾಗೇ ಅಂಟಿತ್ತು, ಹಲ್ಲಿನ ಮೇಲೆ ಒಂದು ಚೂರೂ ಇರಲಿಲ್ಲ. ಆ ವಿವರ ಮುಖ್ಯ ಅಂತ ನನಗೆ ಆಗ ಗೊತ್ತಿರಲಿಲ್ಲ.

ಎರಡು ತಿಂಗಳಲ್ಲಿ ಇನ್ನೂ ಮೂರು ಬಿದ್ದವು. ಪ್ರತಿ ಸಲವೂ ನನಗೆ ತಪ್ಪಿತಸ್ಥೆಯ ಹಾಗೆ ಅನ್ನಿಸುತ್ತಿತ್ತು, "ಗಟ್ಟಿ ಪದಾರ್ಥ ತಿಂದ್ರಾ ಟೀಚರ್?" ಅಂತ ಪಿಜಿ ಡಾಕ್ಟ್ರು ಮೆಲ್ಲಗೆ ಕೇಳಿದಾಗಲಂತೂ ತುಂಬಾನೇ. ನಾನು ಚಕ್ಕುಲಿ, ನಿಪ್ಪಟ್ಟು ಮುಟ್ಟಿರಲಿಲ್ಲ. ಕಬ್ಬು, ಹುರಿಗಡಲೆ, ಸೀಬೆಕಾಯಿ ಎಲ್ಲ ಬಿಟ್ಟಿದ್ದೆ. ನಾಲ್ಕನೇ ಸಲ ಪ್ರೊಫೆಸರ್ ಬಂದರು. ಬಿದ್ದ ಬ್ರಾಕೆಟ್‌ನ ಬೆನ್ನು ನೋಡಿದರು, ಲೈಟ್ ಹತ್ತಿರ ಎಳೆದುಕೊಂಡು ಹಲ್ಲನ್ನು ಗಾಳಿ ಹೊಡೆದು ಒಣಗಿಸಿ ನೋಡಿದರು. ಆಮೇಲೆ ಕೇಳಿದರು: "ನಿಮ್ಮೂರು ಯಾವ್ದು?"

ಪಾವಗಡದ ಕಡೆ ಸರ್ ಅಂದೆ.

"ಮೊದಲ ದಿನವೇ ಕೇಳಬೇಕಿತ್ತು ನಾವು," ಅಂದರು.

ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಅಂತ ನಮ್ಮ ದೇಶದ ಮಾನದಂಡ ಇದೆ. ಪಾವಗಡ ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಅದನ್ನು ಮೀರಿದ ನೀರನ್ನೇ ಕುಡಿದು ಬೆಳೆದವರು ನಾವು. ಒಸಡಿನೊಳಗೆ ಹಲ್ಲಿನ ಹೊರಪದರ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಮೊದಲ ಎಂಟು ವರ್ಷದ ಆಸುಪಾಸಿನಲ್ಲಿ, ಆ ನೀರು ಕುಡಿದರೆ ಹಲ್ಲಿನ ಮೇಲೆ ಬಿಳಿ ಗೆರೆ, ಕಂದು ಕಲೆ ಬರುತ್ತವೆ. ನನಗೆ ಮೇಲಿನ ಹಲ್ಲಿನಲ್ಲಿ ತಿಳಿ ಕಂದು ಪಟ್ಟಿ, ದವಡೆಯ ಕಡೆ ಸುಣ್ಣ ಬಳಿದ ಹಾಗೆ ಬಿಳಿ. ಕಲೆ ಡಾಕ್ಟ್ರಿಗೆ ಕಂಡಿತ್ತು. ಅದು ಅಂಟಿಗೆ ಎಷ್ಟು ಅಡ್ಡ ಬರುತ್ತದೆ ಅನ್ನುವುದು ಅಂದಾಜಿಗೆ ಸಿಕ್ಕಿರಲಿಲ್ಲ.

ಬ್ರಾಕೆಟ್ ಅಂಟುವುದು ಹೇಗೆ ಅಂದರೆ, ಮೊದಲು ಹಲ್ಲಿನ ಮೇಲೆ 37% ಫಾಸ್ಫಾರಿಕ್ ಆಸಿಡ್ ಜೆಲ್ ಹಚ್ಚುತ್ತಾರೆ. ಅರ್ಧ ನಿಮಿಷದೊಳಗೆ ಹೊರಪದರ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡಿಗಳಾಗಿ ತರಿತರಿಯಾಗುತ್ತದೆ. ಆ ಗುಂಡಿಗಳೊಳಗೆ ಗಮ್ ಇಳಿದು, ನೀಲಿ ಲೈಟ್ ಬಿದ್ದಾಗ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಈ ಆಸಿಡ್ ವಿಧಾನವನ್ನು 1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್ ತೋರಿಸಿಕೊಟ್ಟರು. ಅದಕ್ಕೆ ಮೊದಲು ಪ್ರತಿ ಹಲ್ಲಿಗೂ ಲೋಹದ ಉಂಗುರ ತೊಡಿಸಿ ಕ್ಲಿಪ್ ಹಾಕಬೇಕಿತ್ತು. ಫ್ಲೋರೈಡ್ ಹಲ್ಲಿನ ಹೊರಮೈ ಆಸಿಡ್‌ಗೆ ಸುಲಭಕ್ಕೆ ಬಗ್ಗುವುದಿಲ್ಲ, ಹಾಗಾಗಿ ಗುಂಡಿ ಸರಿಯಾಗಿ ಬೀಳುವುದಿಲ್ಲ. ಗಮ್ ಸುಮ್ನೆ ಮೇಲೆ ಕೂತಿರುತ್ತದೆ. ಅದಕ್ಕೇ ಬಿದ್ದಾಗ ಪೂರ್ತಿ ಬ್ರಾಕೆಟ್ ಜೊತೆಗೇ ಬಂದುಬಿಡುತ್ತಿತ್ತು. ನಾನು ಏನು ತಿಂದೆ ಅನ್ನುವುದಕ್ಕೂ ಅದಕ್ಕೂ ಅಷ್ಟೇನೂ ಸಂಬಂಧ ಇರಲಿಲ್ಲ. ಅದು ಗೊತ್ತಾದ ದಿನ ರೈಲಿನಲ್ಲಿ ಕೂತು ನನಗೆ ಅಳು ಬಂತು. ಸಮಾಧಾನದ ಅಳು.

ಅಲ್ಲಿಂದ ಮುಂದೆ ಬಿದ್ದ ಪ್ರತಿ ಬ್ರಾಕೆಟ್ಟನ್ನೂ ಹೊಸ ಥರ ಅಂಟಿಸಿದರು: ಹಲ್ಲಿನ ಮೈಯನ್ನು ಮೊದಲು ತುಸು ಉಜ್ಜಿ ಒರಟು ಮಾಡಿ, ಆಸಿಡ್ಡನ್ನು ಜಾಸ್ತಿ ಹೊತ್ತು ಬಿಟ್ಟು, ಗಮ್‌ಗೆ ಮೊದಲು ಹಚ್ಚುವ ಪ್ರೈಮರ್ ಬೇರೆಯದು ಹಾಕಿ. ನೋಟ್‌ಬುಕ್ ಪ್ರಕಾರ ಒಟ್ಟು ಬಿದ್ದದ್ದು 13 ಸಲ. ಅದರಲ್ಲಿ 8 ಸಲ ಮೊದಲ ಏಳು ತಿಂಗಳಲ್ಲಿ, ಉಳಿದ 22 ತಿಂಗಳಲ್ಲಿ ಬರೀ 5. ಎಡಗಡೆ ಕೆಳಗಿನ ಒಂದು ಹಲ್ಲು ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಅದೊಂದೇ ನಾಲ್ಕು ಸಲ ಬಿಟ್ಟುಕೊಂಡಿತು. ಕೊನೆಗೆ ಅದಕ್ಕೆ ಹಳೆಯ ಕಾಲದ ಹಾಗೆ ಸ್ಟೀಲ್ ಉಂಗುರವನ್ನೇ ತೊಡಿಸಿದರು. ಉಂಗುರ ಇಳಿಯಲು ಜಾಗ ಬೇಕಲ್ವಾ, ಅದಕ್ಕೆ ಒಂದು ವಾರ ಮೊದಲು ಹಲ್ಲಿನ ಎರಡೂ ಪಕ್ಕ ಸಣ್ಣ ರಬ್ಬರ್ ರಿಂಗ್ ಸಿಗಿಸಿ ಕಳಿಸಿದರು. ಮಾವಿನಹಣ್ಣಿನ ನಾರು ಸಿಕ್ಕಿಕೊಂಡು ಹೋಗದೇ ಇದ್ದರೆ ಹೇಗಿರುತ್ತದೋ ಹಾಗೆ, ಏಳು ದಿನ. ಉಂಗುರ ಕೊನೇ ದಿನದವರೆಗೂ ಅಲುಗಲಿಲ್ಲ.

ಒಂದು ಬ್ರಾಕೆಟ್ ಬಿದ್ದರೆ ಮತ್ತೆ ಅಂಟಿಸಿದರೆ ಮುಗೀತು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ ಅದು. ಶುರುವಿನಲ್ಲಿ ಹಾಕುವುದು ತೆಳ್ಳಗಿನ ದುಂಡು ವೈರ್. ಡಿಪಾರ್ಟ್‌ಮೆಂಟಿನಲ್ಲಿ ಅದನ್ನು 'ಫೋರ್ಟೀನ್ ನೈಟೈ' ಅನ್ನುತ್ತಾರೆ, ಇಂಚಿನ ಸಾವಿರ ಭಾಗದಲ್ಲಿ 14 ಭಾಗ ದಪ್ಪ. ಎಷ್ಟು ಬಗ್ಗಿಸಿ ಕಟ್ಟಿದರೂ ತನ್ನ ಮೊದಲಿನ ಆಕಾರಕ್ಕೆ ಹೋಗಲು ನೋಡುವ ನಿಕ್ಕಲ್-ಟೈಟೇನಿಯಂ ತಂತಿ ಅದು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ರೂಪಿಸಿದ ಈ ಲೋಹವನ್ನು 1970ರ ದಶಕದಲ್ಲಿ ಜಾರ್ಜ್ ಆಂಡ್ರಿಯಾಸೆನ್ ಹಲ್ಲಿನ ಕೆಲಸಕ್ಕೆ ತಂದರು. ಅಲ್ಲಿಂದ ಮೆಟ್ಟಿಲು ಹತ್ತಿದ ಹಾಗೆ ದಪ್ಪ ವೈರ್, ಆಮೇಲೆ ಚೌಕ ವೈರ್, ಕೊನೆಗೆ ಸ್ಟೀಲ್. ಬ್ರಾಕೆಟ್ ಬಿದ್ದ ಹಲ್ಲು ಎರಡು ಮೂರು ವಾರದಲ್ಲಿ ಹಳೇ ಜಾಗದ ಕಡೆ ತಿರುಗಿರುತ್ತದೆ. ಆಗ ದಪ್ಪ ವೈರ್ ಅದರೊಳಗೆ ಕೂರುವುದಿಲ್ಲ. ಮತ್ತೆ ಕೆಳಗಿನ ಮೆಟ್ಟಿಲಿಂದ ಶುರು. ನನಗೆ ನಾಲ್ಕು ಸಲ ಹಾಗಾಯಿತು. ನಾಲ್ಕು ತಿಂಗಳು ಅಲ್ಲಿ ಹೋದವು.

ಇದರಲ್ಲಿ ನನ್ನದೊಂದು ತಪ್ಪೂ ಇತ್ತು. ಬಿದ್ದ ಕೂಡಲೇ ಫೋನ್ ಮಾಡದೆ "ಹೇಗೂ ಇನ್ನು ಹದಿನೈದು ದಿನಕ್ಕೆ ಹೋಗ್ತೀನಲ್ಲ" ಅಂತ ಸುಮ್ಮನಿದ್ದುಬಿಡುತ್ತಿದ್ದೆ. ಆಮೇಲೆ ಅಭ್ಯಾಸ ಬದಲಾಯಿಸಿದೆ. ಬಿದ್ದ ದಿನವೇ ಫೋಟೋ ತೆಗೆದು ಡಾಕ್ಟ್ರಿಗೆ ವಾಟ್ಸಾಪ್ ಮಾಡುತ್ತಿದ್ದೆ, ಬಿದ್ದ ಚೂರನ್ನು ಕುಂಕುಮದ ಸಣ್ಣ ಡಬ್ಬಿಯಲ್ಲಿ ಹಾಕಿಟ್ಟುಕೊಳ್ಳುತ್ತಿದ್ದೆ. ಕಾಯಬಹುದಾದರೆ ಕಾಯಿರಿ ಅನ್ನುತ್ತಿದ್ದರು, ಇಲ್ಲದಿದ್ದರೆ ಆ ಶನಿವಾರವೇ ಬನ್ನಿ ಅನ್ನುತ್ತಿದ್ದರು.

ಊಟ, ಬ್ರಶ್, ನೋವು

ವೈರ್ ಬದಲಾಯಿಸಿದ ಮಾರನೇ ದಿನ ನೋವು ಎಲ್ಲಕ್ಕಿಂತ ಜಾಸ್ತಿ, ನಾಲ್ಕನೇ ದಿನಕ್ಕೆ ಮರೆತುಹೋಗಿರುತ್ತದೆ. ಪ್ಯಾರಾಸಿಟಮಾಲ್ ಸಾಕು ಅಂದಿದ್ದರು. ಐಬುಪ್ರೊಫೆನ್ ಥರದ ಮಾತ್ರೆ ಪದೇ ಪದೇ ತಗೊಂಡರೆ ಹಲ್ಲು ಸರಿಯುವುದು ನಿಧಾನ ಆಗಬಹುದಂತೆ. ತಣ್ಣನೆ ಮಜ್ಜಿಗೆ ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಎಳೆತ ಕಮ್ಮಿಯಾಗುತ್ತದೆ, ಏಕೆಂದರೆ ಆ ನೈಟೈ ವೈರ್ ತಣ್ಣಗಾದಾಗ ಸಡಿಲವಾಗುತ್ತದೆ. ಕೆನ್ನೆಗೆ ಚುಚ್ಚುವ ಕಡೆ ಮೇಣ. ಮೇಣ ಹಚ್ಚುವ ಮೊದಲು ಆ ಬ್ರಾಕೆಟ್ಟನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು, ಒದ್ದೆ ಇದ್ದರೆ ನಿಲ್ಲುವುದೇ ಇಲ್ಲ. ಇದನ್ನು ಯಾರೂ ಹೇಳಿರಲಿಲ್ಲ.

ರಾಗಿ ಮುದ್ದೆ ನನ್ನನ್ನು ಕಾಪಾಡಿತು. ಅಗಿಯುವ ಕೆಲಸವೇ ಇಲ್ಲ, ಬಸ್ಸಾರಿನಲ್ಲಿ ಅದ್ದಿ ನುಂಗಿದರಾಯಿತು. ವೈರ್ ಕಟ್ಟಿದ ಶನಿವಾರ ರಾತ್ರಿ ನಮ್ಮನೆಯವರು ತಾವೇ ಮುದ್ದೆ ತಿರುವಿ ಇಟ್ಟಿರುತ್ತಿದ್ದರು. ಸಂಕ್ರಾಂತಿಗೆ ಎಳ್ಳು-ಬೆಲ್ಲದಲ್ಲಿ ಕೊಬ್ಬರಿ, ಕಡಲೆಬೀಜ ಆರಿಸಿಟ್ಟು ಎಳ್ಳು ಮಾತ್ರ ಬಾಯಿಗೆ ಹಾಕಿಕೊಂಡೆ. ಆ ಎಳ್ಳನ್ನು ವೈರಿನ ಸಂದಿಯಿಂದ ತೆಗೆಯಲು ಕಾಲು ಗಂಟೆ ಹಿಡಿಯಿತು. ಅರಿಶಿನದ ವಿಷಯ ಬೇರೆ. ಬ್ರಾಕೆಟ್ ಸುತ್ತ ಹಾಕುವ ಸಣ್ಣ ರಬ್ಬರ್‌ಗಳನ್ನು ಮೊದಲ ಸಲ ಬಣ್ಣ ಇಲ್ಲದ್ದು ಕೇಳಿ ಹಾಕಿಸಿಕೊಂಡಿದ್ದೆ. ಎರಡು ದಿನ ಹುಳಿ ಅನ್ನ ತಿಂದದ್ದಕ್ಕೆ ಎಲ್ಲಾ ಹಳದಿ. ಆಮೇಲೆ ಪ್ರತಿ ಸಲ ಬೂದು ಬಣ್ಣವೇ.

ಬ್ರಶ್ ಬಗ್ಗೆ ಮಾತ್ರ ನಾನು ಬಹಳ ಕಟ್ಟುನಿಟ್ಟು. ನನ್ನ ಥರ ಒಸಡು ಕೆಟ್ಟಿದ್ದವರಿಗೆ ವೈರ್ ಕೆಳಗೆ ಕೂತ ಕೊಳೆ ಅಂದರೆ ಮೂಳೆಯೇ ಹೋದ ಹಾಗೆ. ಬೆಳಗ್ಗೆ ರಾತ್ರಿ ಮಾಮೂಲಿ ಬ್ರಶ್, ಆಮೇಲೆ ಬಾಟಲಿ ತೊಳೆಯುವ ಬ್ರಶ್ಶಿನ ಆಕಾರದ ಸಣ್ಣ ಸಂದಿ ಬ್ರಶ್. ಮಧ್ಯಾಹ್ನದ ಊಟ ಆದ ಮೇಲೆ ಸ್ಕೂಲ್ ನಲ್ಲಿಯ ಹತ್ತಿರ ಮಕ್ಕಳು ತಟ್ಟೆ ತೊಳೆಯುವಾಗ ನಾನು ಪಕ್ಕದಲ್ಲಿ ನಿಂತು ಹಲ್ಲು ಉಜ್ಜುತ್ತಿದ್ದೆ. ಮೊದಲ ವಾರ ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು. ಮೂರು ತಿಂಗಳಿಗೊಮ್ಮೆ ಒಸಡಿನ ವಿಭಾಗದಲ್ಲಿ ಕ್ಲೀನಿಂಗ್. ಇದನ್ನು ವೈರ್ ಬದಲಾಯಿಸುವ ದಿನವೇ ಇಟ್ಟುಕೊಳ್ಳಿ, ಹಳೇ ವೈರ್ ಬಿಚ್ಚಿ ಹೊಸದು ಕಟ್ಟುವುದಕ್ಕೆ ಮೊದಲು ಮಾಡಿಸಿಕೊಳ್ಳಿ. ವೈರ್ ಇಲ್ಲದಾಗ ಎಲ್ಲಾ ಮೂಲೆಗೂ ಕೈ ಹೋಗುತ್ತದೆ.

ತಪ್ಪಿಹೋದ ಶನಿವಾರಗಳು

2023ರ ಮಾರ್ಚ್ 18ರಂದು ಹೋಗಿದ್ದೆ. ಮುಂದಿನ ತಾರೀಖು ಏಪ್ರಿಲ್ 15. ಆಗ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅದರ ಬೆನ್ನಿಗೆ ಮೌಲ್ಯಮಾಪನ, ಮಧ್ಯೆ ವಿಧಾನಸಭೆ ಚುನಾವಣೆಯ ಟ್ರೈನಿಂಗ್, ಮೇ 10ಕ್ಕೆ ಮತದಾನ. ಡ್ಯೂಟಿ ಬಿಡುವ ಹಾಗಿಲ್ಲ. ಮತ್ತೆ ನಾನು ಆ ಕುರ್ಚಿಯಲ್ಲಿ ಕೂತದ್ದು ಜೂನ್ 3ಕ್ಕೆ. ಹನ್ನೊಂದು ವಾರ. ಸಂದು ಮುಚ್ಚಲು ಹಾಕಿದ ರಬ್ಬರ್ ಚೈನ್ ಕೆಲವೇ ವಾರಗಳಲ್ಲಿ ಬಿಗಿ ಕಳೆದುಕೊಳ್ಳುತ್ತದೆ, ಅದಕ್ಕೇ ತಿಂಗಳಿಗೊಮ್ಮೆ ಬದಲಾಯಿಸುವುದು. ನನ್ನದು ಸೋತು ಜೋತುಬಿದ್ದಿತ್ತು. ಎರಡು ಬ್ರಾಕೆಟ್ ಬಿದ್ದಿದ್ದವು, ಅದರಲ್ಲಿ ಒಂದು ನನಗೆ ಗೊತ್ತೇ ಇರಲಿಲ್ಲ. ಮುಚ್ಚಿದ್ದ ಸಂದು ಮತ್ತೆ ಬಿಟ್ಟಿತ್ತು. ಹೋದ ವಾರಗಳು, ಹಿಂದೆ ಸರಿದದ್ದನ್ನು ಸರಿಮಾಡಿದ ವಾರಗಳು ಎಲ್ಲಾ ಸೇರಿ ಮೂರು ತಿಂಗಳು ನಷ್ಟ.

ಅದೇ ದಿನ ಪಿಜಿ ಡಾಕ್ಟ್ರು ಹೇಳಿದರು, "ಟೀಚರ್, ನನ್ನ ಕೋರ್ಸ್ ಮುಗೀತಿದೆ. ನಿಮ್ಮ ಫೈಲು ಜೂನಿಯರ್‌ಗೆ ಕೊಡ್ತಾರೆ, ಅವರೇ ಫೋನ್ ಮಾಡ್ತಾರೆ." ಅವರು ಓದುವ ಎಂಡಿಎಸ್ ಮೂರು ವರ್ಷದ ಕೋರ್ಸ್, ನಮ್ಮ ಚಿಕಿತ್ಸೆ ಎರಡು ವರ್ಷ ಮೀರುವಂಥದ್ದು. ಈ ಲೆಕ್ಕ ಮೊದಲ ದಿನವೇ ನಾನು ಹಾಕಬೇಕಿತ್ತು. ಯಾರೂ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಫೈಲ್ ಇನ್ನೂ ಹಂಚಿಕೆಯಾಗಿಲ್ಲ, ಮುಂದಿನ ವಾರ ಬನ್ನಿ ಅಂದರು. ಕೊನೆಗೆ ಆಗಸ್ಟ್ 5ರಂದು ನಾನೇ ಹೋಗಿ ಪ್ರೊಫೆಸರ್ ಬಾಗಿಲಲ್ಲಿ ನಿಂತೆ. ಅರ್ಧ ಗಂಟೆಯಲ್ಲಿ ಹೊಸ ಡಾಕ್ಟ್ರು ಸಿಕ್ಕಿದರು, ಬಹಳ ಚುರುಕಿನ ಹುಡುಗ. ಆದರೆ ಎರಡು ತಿಂಗಳು ಹೋಗಿಯಾಗಿತ್ತು. ನನಗೆ ಇವತ್ತಿಗೂ ಬೇಜಾರಿರುವುದು ಇದೊಂದರ ಬಗ್ಗೆ. ಬಾಯಲ್ಲಿ ಎಳೆಯುವ ವೈರ್ ಇಟ್ಟುಕೊಂಡಿರುವವರನ್ನು ಹಾಗೆ ಕಾಯಿಸಬಾರದು. ಡೆಂಟಲ್ ಕಾಲೇಜಿಗೆ ಹೋಗುವವರು ಶುರುವಿನಲ್ಲೇ ಕೇಳಿ: ನೀವು ಯಾವ ವರ್ಷದಲ್ಲಿದ್ದೀರಿ, ನಿಮ್ಮ ನಂತರ ಯಾರು ನೋಡುತ್ತಾರೆ. ಚಿಕಿತ್ಸೆಯ ಪ್ಲಾನ್ ಬರೆದ ಹಾಳೆಯ ಒಂದು ಫೋಟೋ ನಿಮ್ಮ ಮೊಬೈಲಿನಲ್ಲಿರಲಿ. ಹೊಸ ಡಾಕ್ಟ್ರಿಗೆ ನನ್ನ ನೋಟ್‌ಬುಕ್ ಬಹಳ ಉಪಯೋಗಕ್ಕೆ ಬಂತು, ಫೈಲಿನಲ್ಲಿ ಇಲ್ಲದ್ದೂ ಅದರಲ್ಲಿತ್ತು.

2024ರ ಲೋಕಸಭೆ ಚುನಾವಣೆ ಹೊತ್ತಿಗೆ ನಾನು ಮೊದಲೇ ಎಚ್ಚೆತ್ತಿದ್ದೆ. ನಮ್ಮ ಕಡೆ ಏಪ್ರಿಲ್ 26ಕ್ಕೆ ಮತದಾನ. ಏಪ್ರಿಲ್ 13ಕ್ಕೆ ಒಂದು ತಾರೀಖು, ಮೇ 4ಕ್ಕೆ ಇನ್ನೊಂದು ಅಂತ ಫೆಬ್ರವರಿಯಲ್ಲೇ ಬರೆಸಿಕೊಂಡು ಬಂದೆ. ಎರಡೂ ತಪ್ಪಲಿಲ್ಲ.

ಉಳಿದ ಎರಡು ತಿಂಗಳು ರಬ್ಬರ್ ಬ್ಯಾಂಡ್‌ದು. 2024ರ ಜನವರಿಯಿಂದ ಮೇಲಿನ ಕೋರೆಹಲ್ಲಿಂದ ಕೆಳಗಿನ ದವಡೆ ಹಲ್ಲಿಗೆ ಎರಡೂ ಕಡೆ ಸಣ್ಣ ರಬ್ಬರ್ ಸಿಗಿಸಿಕೊಳ್ಳಬೇಕು. ಊಟಕ್ಕೆ, ಬ್ರಶ್‌ಗೆ ಬಿಟ್ಟು ಮಿಕ್ಕಂತೆ ಇಡೀ ದಿನ. ಬಾಯಿ ತೆರೆದರೆ ಎಳೆಯುತ್ತದೆ, ಗಟ್ಟಿಯಾಗಿ ಓದಲು ಆಗುವುದಿಲ್ಲ. ಹಾಗಾಗಿ ಸ್ಕೂಲಿಗೆ ಹೊರಡುವಾಗ ತೆಗೆದು, ಸಂಜೆ ಬಂದು ಹಾಕಿಕೊಳ್ಳುತ್ತಿದ್ದೆ. ಎರಡು ತಿಂಗಳಾದರೂ ಮೇಲಿನ ಹಲ್ಲು ಮುಂದಿರುವ ಅಳತೆ 4 ಮಿಲಿಮೀಟರಿನಲ್ಲೇ ನಿಂತಿತ್ತು. ಡಾಕ್ಟ್ರು ಬೈಯಲಿಲ್ಲ. "ಮೇಡಂ, ದಿನಕ್ಕೆ ಎಷ್ಟು ಗಂಟೆ ಹಾಕ್ತೀರಿ, ನಿಜ ಹೇಳಿ" ಅಂದರು. ಹೇಳಿದೆ. ಮಾರ್ಚ್‌ನಿಂದ ಪಾಠದ ಸಮಯದಲ್ಲೂ ತೆಗೆಯಲಿಲ್ಲ. ಗಟ್ಟಿಯಾಗಿ ಓದುವ ಕೆಲಸವನ್ನು ಮಕ್ಕಳಿಗೇ ಕೊಟ್ಟೆ, ಒಬ್ಬೊಬ್ಬರಾಗಿ ಎದ್ದು ಓದಲಿ ಅಂತ. ಜುಲೈ ಹೊತ್ತಿಗೆ ಅಳತೆ ಎರಡೂವರೆಗೆ ಬಂತು. ಓದುವ ಪದ್ಧತಿ ಈಗಲೂ ಹಾಗೇ ಇದೆ.

ನಾಲ್ಕು, ಮೂರು, ಎರಡು, ಎರಡು: ಅದೇ ಆ 11 ತಿಂಗಳು. ಲೆಕ್ಕ ಇಷ್ಟು ಕರಾರುವಾಕ್ಕಾಗಿ ಬೇರೆ ಬೇರೆ ಇರಲಿಲ್ಲ, ಒಂದರೊಳಗೊಂದು ಸೇರಿಕೊಂಡಿದ್ದವು. ಆದರೂ ಹೆಚ್ಚು ಕಮ್ಮಿ ಹೀಗೆಯೇ.

ತೆಗೆದ ಮೇಲೆ

ಬ್ರಾಕೆಟ್ ತೆಗೆಯುವಾಗ ಇಕ್ಕಳದಲ್ಲಿ ಹಿಂಡುತ್ತಾರೆ, ಹಪ್ಪಳ ಮುರಿದ ಹಾಗೆ ಸದ್ದಾಗುತ್ತದೆ. ಫ್ಲೋರೈಡ್ ಹಲ್ಲಿನ ಹೊರಪದರ ಜೊತೆಗೆ ಕಿತ್ತು ಬರಬಾರದು ಅಂತ ಡಾಕ್ಟ್ರು ಒಂದೊಂದಕ್ಕೂ ಸಮಯ ತಗೊಂಡರು, ಎಲ್ಲಾ ಮುಗಿಯಲು ಎರಡು ಗಂಟೆ ಆಯಿತು. ಕನ್ನಡಿ ಕೊಟ್ಟರು. ಸಂದು ಮುಚ್ಚಿತ್ತು. ಕಂದು ಪಟ್ಟಿ ಹಾಗೇ ಇತ್ತು, ಅದು ಹೋಗುವುದಿಲ್ಲ ಅಂತ ಮೊದಲೇ ಹೇಳಿದ್ದರು. ಕೆಳಗಿನ ಹಲ್ಲುಗಳು ಸಾಲಾದ ಮೇಲೆ ಎರಡು ಕಡೆ ಒಸಡಿನ ಹತ್ತಿರ ಸಣ್ಣ ತ್ರಿಕೋನದ ಕಪ್ಪು ಸಂದಿ ಕಾಣುತ್ತದೆ. ಒಸಡು ಇಳಿದಿರುವ ದೊಡ್ಡವರಿಗೆ ಇದು ಆಗುವುದೇ. ನನಗೆ ಬೇಸರವಿಲ್ಲ. ಆಳ ಅಳೆದರೆ ಆ ಹಲ್ಲಿನ ಹತ್ತಿರ ಈಗ 3 ಮಿಲಿಮೀಟರ್. ಎಕ್ಸ್‌ರೇಯಲ್ಲಿ ಒಂದು ಬೇರಿನ ತುದಿ ತುಸು ಮೊಂಡಾಗಿದೆ, ಚಿಂತೆ ಮಾಡುವಷ್ಟಲ್ಲ ಅಂದರು. ಮನೆಗೆ ಬಂದು ಬಿಸಿ ರೊಟ್ಟಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಹರಿದು ತಿಂದೆ. ಐದಾರು ವರ್ಷದಿಂದ ಪಕ್ಕದಲ್ಲೇ ಕಚ್ಚುತ್ತಿದ್ದೆ.

ಆಸ್ಪತ್ರೆ ಓಡಾಟ ನಿಂತಿಲ್ಲ. ಹಲ್ಲು ಹಿಡಿದಿರುವ ನಾರುಗಳು ಹೊಸ ಜಾಗಕ್ಕೆ ಒಗ್ಗಲು ಒಂದು ವರ್ಷವಾದರೂ ಬೇಕು, ನನ್ನ ಥರ ಮೂಳೆ ಕಮ್ಮಿ ಇದ್ದವರ ಹಲ್ಲನ್ನು ಯಾವತ್ತೂ ಬಿಗಿಹಿಡಿದೇ ಇಡಬೇಕು. ಅದಕ್ಕೆ ಮೇಲೂ ಕೆಳಗೂ ಹಲ್ಲಿನ ಹಿಂಭಾಗಕ್ಕೆ ತೆಳು ತಂತಿ ಅಂಟಿಸಿದ್ದಾರೆ, ರಾತ್ರಿಗೆ ಪಾರದರ್ಶಕ ಟ್ರೇ. ಖರ್ಚು ಕೇಳುವವರಿಗೆ: ಕ್ಲಿಪ್‌ಗೆ 28,000, ಒಸಡಿನ ಚಿಕಿತ್ಸೆ, ಎಕ್ಸ್‌ರೇ, ಮರು ಅಂಟಿಸಿದ್ದು, ಟ್ರೇ ಎಲ್ಲಾ ಸೇರಿ ಇನ್ನೊಂದು 11,000, ಓಡಾಟ ಬೇರೆ.

ನಮ್ಮ ಸ್ಕೂಲಿನಲ್ಲಿ ಹಾಸ್ಟೆಲ್ಲಿನಿಂದ ಬರುವ ಒಬ್ಬ ಹುಡುಗಿ ಇದ್ದಾಳೆ. ಹತ್ತನೇ ತರಗತಿ. ನಗುವಾಗ ಯಾವಾಗಲೂ ಅಂಗೈ ಬಾಯಿಗೆ ಅಡ್ಡ ಬರುತ್ತದೆ. ನಾನು ನಲ್ಲಿಯ ಹತ್ತಿರ ಹಲ್ಲು ಉಜ್ಜುವುದನ್ನು ಎರಡು ವರ್ಷ ನೋಡಿದವಳು. ಹೋದ ವಾರ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಮಿಸ್, ನನ್ ಹಲ್ಲಿಗೂ ಕ್ಲಿಪ್ ನಿಲ್ಲುತ್ತಾ?" ಅಂತ ಕೇಳಿದಳು. ಕೈ ತೆಗೆಸಿ ನೋಡಿದೆ. ಮುಂದಿನ ಹಲ್ಲು ಉಬ್ಬಿವೆ, ಮೇಲೆ ಕಂದು ಪಟ್ಟಿ, ನನ್ನದಕ್ಕಿಂತ ಗಾಢ. ನಿಲ್ಲುತ್ತೆ, ಅಂಟಿಸುವವರಿಗೆ ಮೊದಲೇ ಗೊತ್ತಿದ್ದರೆ ಅಂದೆ. ಅವರಪ್ಪ ಮುಂದಿನ ತಿಂಗಳು ಡೆಂಟಲ್ ಕಾಲೇಜಿಗೆ ಕರೆದುಕೊಂಡು ಹೋಗುತ್ತಾರಂತೆ. ಡಾಕ್ಟ್ರಿಗೆ ತೋರಿಸಲಿ ಅಂತ ನೋಟ್‌ಬುಕ್ಕಿನ ಹಾಳೆ ಹರಿದು ಒಂದು ಚೀಟಿ ಬರೆದುಕೊಟ್ಟೆ. ಮೊದಲ ಸಾಲಿನಲ್ಲಿ ಹೀಗೆ ಬರೆದಿದ್ದೇನೆ: "ಊರು ಪಾವಗಡ ತಾಲ್ಲೂಕು. ಹುಟ್ಟಿದಾಗಿನಿಂದ ಹನ್ನೆರಡನೇ ವರ್ಷದವರೆಗೆ ಬೋರ್‌ವೆಲ್ ನೀರು."